ಕುಂಕುಮ ಹಚ್ಚಿದ ಪೆಟ್ಟಿಗೆ

ನಮ್ಮ ಮನೆಯಲ್ಲಿ ದೇವರಿಗೆ ಸಿಕ್ಕಿದ್ದು ಕೋಟು ತೂಗುಹಾಕುವ ಕ್ಲೋಸೆಟ್ಟು. ಫ್ರೀಮಾಂಟಿನಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟು. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಎಡಗಡೆಗೇ ಅದು. ಅಪ್ಪ ಅದರೊಳಗಿನ ಸರಳು ಕಿತ್ತು, ಎರಡು ಹಲಗೆ ಹೊಡೆದು, ಧಾರವಾಡದಿಂದ ಸೀರೆಗಳ ನಡುವೆ ಸುತ್ತಿ ತಂದ ದೇವರುಗಳನ್ನು ಮೇಲಿನ ಹಲಗೆಯಲ್ಲಿ ಕೂರಿಸಿದ್ದ. ಹೊಗೆ ಅಲಾರಂ ಸರಿಯಾಗಿ ಅದರ ಎದುರಿಗೇ, ಛಾವಣಿಯಲ್ಲಿ. ಶುಕ್ರವಾರ ಅಮ್ಮ ಊದಿನಕಡ್ಡಿ ಹಚ್ಚಿದಳೆಂದರೆ ಅದು ಕಿರುಚಿಕೊಳ್ಳುತ್ತಿತ್ತು, ಅಪ್ಪ ಓಡಿಬಂದು ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದ, ಕೆಳಗಿನ ಮನೆಯ ಮುದುಕ ಪೊರಕೆಯ ಹಿಡಿಯಿಂದ ತನ್ನ ಛಾವಣಿ ಕುಟ್ಟುತ್ತಿದ್ದ. ಕೊನೆಗೆ ಅಪ್ಪ ಆ ಅಲಾರಮ್ಮಿಗೆ ಸ್ನಾನದ ಟೋಪಿ ತೊಡಿಸಿದ. ಪೂಜೆ ಮುಗಿದ ಮೇಲೆ ಟೋಪಿ ತೆಗೆಯುವುದು ನನ್ನ ಕೆಲಸ. ನಾನು ಎಷ್ಟೋ ಸಲ ಮರೆಯುತ್ತಿದ್ದೆ.

ಅಮ್ಮನ ನಿಯಮವೆಂದರೆ, ಕಾಗದ ಯಾವುದೇ ಇರಲಿ, ಮೊದಲು ದೇವರ ಮುಂದೆ ಹೋಗಬೇಕು, ಒಂದು ಬೊಟ್ಟು ಕುಂಕುಮ ಹಚ್ಚಿಸಿಕೊಳ್ಳಬೇಕು, ಆಮೇಲೆ ಲೋಕಕ್ಕೆ ಹೋಗಬೇಕು. ಬಾಡಿಗೆಯ ಕರಾರು, ಅಪ್ಪನ ಕೆಲಸದ ಪತ್ರ, ನನ್ನ ರಿಪೋರ್ಟ್ ಕಾರ್ಡು, ಯಾವುದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿಯ ಮೂಲೆಯಲ್ಲಿದ್ದ ಕೆಂಪು ಕಲೆ ನೋಡಿ ಆಫೀಸಿನ ಹೆಂಗಸು ಇದೇನು ರಕ್ತವೇ ಎಂದು ಕೇಳಿದ್ದಳಂತೆ. ಅಪ್ಪ ಏನೋ ತೊದಲಿ, ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಬೈದುಕೊಂಡೇ ಬಂದ. ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅರ್ಜಿ ಪಾಸಾಯಿತು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ.

ಅವಳ ಇನ್ನೊಂದು ನಿಯಮ ನನಗೆ ಮಾತ್ರ. ದೊಡ್ಡವರು ಕೇಳಿದ್ದಕ್ಕಷ್ಟೇ ಉತ್ತರ ಹೇಳಬೇಕು. ಹೆಚ್ಚಿಗೆ ಒಂದಕ್ಷರ ಸೇರಿಸಿದರೆ ಅದು ಅಧಿಕಪ್ರಸಂಗ. ಮನೆಗೆ ಬಂದವರು ಊಟ ಆಯಿತೇ ಎಂದು ಕೇಳಿದರೆ ಆಯಿತು ಎನ್ನಬೇಕೇ ಹೊರತು ಅನ್ನ ಸೀದಿತ್ತು ಎನ್ನಬಾರದು. ಶಾಲೆಯಲ್ಲಿ ಟೀಚರು ಮಕ್ಕಳನ್ನು ಮಾತಾಡಿ ಮಾತಾಡಿ ಎಂದು ಹುರಿದುಂಬಿಸುವರು. ಮನೆಗೆ ಬಂದರೆ ಇದು. ನಾನು ಎರಡಕ್ಕೂ ತಲೆಯಾಡಿಸಿ, ಎರಡು ಕಡೆಯೂ ಸುಮ್ಮನಿರುವುದನ್ನು ಕಲಿತೆ. ಈಗ ನನ್ನ ಜೊತೆ ಕೆಲಸ ಮಾಡುವವರು ನನ್ನನ್ನು ಅಳೆದು ತೂಗಿ ಮಾತಾಡುವವಳು ಎನ್ನುತ್ತಾರೆ. ಅವರಿಗೇನು ಗೊತ್ತು.

ಅಮ್ಮ ಧಾರವಾಡದಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಿದ್ದವಳು. ಬೋರ್ಡು ಪರೀಕ್ಷೆಯ ಮೇಲ್ವಿಚಾರಣೆಗೆ ಅವಳು ಬಂದಳೆಂದರೆ ಹುಡುಗರು ಶೌಚಾಲಯಕ್ಕೆ ಹೋಗಿ ಚೀಟಿಗಳನ್ನು ತಾವೇ ಬಿಸಾಕಿ ಬರುತ್ತಿದ್ದರಂತೆ. ಇಲ್ಲಿಗೆ ಬಂದು ಮೂರು ವರ್ಷ ಮತ್ತೆ ಓದಿ, ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆಗಿನ ಎಲಿಮೆಂಟರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರಾದಳು. ನಾನೂ ಅದೇ ಶಾಲೆ. ಅವಳ ಎಣಿಕೆ, ಬೀಗ, ಸಹಿಗಳ ಶಿಸ್ತು ನೋಡಿ ಪ್ರಿನ್ಸಿಪಾಲರು ವಸಂತದಲ್ಲಿ ಬರುವ ರಾಜ್ಯದ ಪರೀಕ್ಷೆಯ ಉಸ್ತುವಾರಿಯನ್ನು ಅವಳ ತಲೆಗೆ ಕಟ್ಟಿದರು. ಆಗ ಪರೀಕ್ಷೆ ಕಂಪ್ಯೂಟರಿನಲ್ಲಿ ಇರಲಿಲ್ಲ. ಉತ್ತರದ ಹಾಳೆಯ ಮೇಲೆ ಪೆನ್ಸಿಲಿನಿಂದ ಸೊನ್ನೆ ತುಂಬಬೇಕು, ಮಷೀನು ಓದುತ್ತದೆ. ಹಾಳೆಗಳನ್ನು ಇಡುವ ಬೀರುವಿಗೆ ಎರಡೇ ಬೀಗದಕೈ. ಒಂದು ಅಮ್ಮನ ಹತ್ತಿರ, ಇನ್ನೊಂದು ಪ್ರಿನ್ಸಿಪಾಲರ ಹತ್ತಿರ.

ಪ್ರಿನ್ಸಿಪಾಲರು ಎತ್ತರದ, ಬಿಳಿಕೂದಲಿನ ಹೆಂಗಸು. ಪ್ರತಿ ಮಗುವಿನ ಹೆಸರೂ ಅವರಿಗೆ ಗೊತ್ತು. ನನ್ನನ್ನು ಕಂಡರೆ ಲೈಬ್ರರಿಯಿಂದ ತೆಗೆದುಹಾಕಿದ ಪುಸ್ತಕಗಳನ್ನು ಕೊಡುತ್ತಿದ್ದರು. ಇದನ್ನು ಹೇಳಲೇಬೇಕು, ಏಕೆಂದರೆ ಅವರನ್ನು ಬೈಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ನಮ್ಮ ಶಾಲೆಯ ಅಂಕಗಳು ಏರದೇ ಹೋಗಿ, ಶಾಲೆ ಹಿಂದುಳಿದ ಶಾಲೆಗಳ ಯಾವುದೋ ಪಟ್ಟಿಗೆ ಸೇರಿತ್ತು. ಇನ್ನೊಂದು ವರ್ಷ ಹಾಗೇ ಆದರೆ ಟೀಚರುಗಳನ್ನೆಲ್ಲ ಬೇರೆ ಬೇರೆ ಶಾಲೆಗೆ ಚದುರಿಸಿ, ಪ್ರಿನ್ಸಿಪಾಲರನ್ನು ಮನೆಗೆ ಕಳಿಸುತ್ತಾರೆ ಎಂಬ ಮಾತು ಊಟದ ಮೇಜಿನ ಮೇಲೆ ದಿನವೂ ಬರುತ್ತಿತ್ತು. ಅಮ್ಮ ರೊಟ್ಟಿ ಮುರಿಯುತ್ತ, ಹೊಸದಾಗಿ ಬಂದು ಇನ್ನೂ ಇಂಗ್ಲಿಷ್ ಓದಲು ಬರದ ಮಕ್ಕಳನ್ನು ಎಣಿಸುವಳು. ಅವರಿಗೂ ಇದೇ ಪ್ರಶ್ನೆಪತ್ರಿಕೆ, ಇದೆಂಥ ನ್ಯಾಯ ಎನ್ನುವಳು. ಸೇತುವೆ ದಾಟಿ ಪಾಲೋ ಆಲ್ಟೋಗೆ ಕೆಲಸಕ್ಕೆ ಹೋಗಿಬಂದು ಸುಸ್ತಾದ ಅಪ್ಪ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ.

ನಾನು ಐದನೇ ಕ್ಲಾಸು. ಪರೀಕ್ಷೆಯ ವಾರ ಮನೆಯಲ್ಲಿ ಮೊಸರು-ಸಕ್ಕರೆ ಬಾಯಿಗೆ ಹಾಕದೇ ಹೊಸ್ತಿಲು ದಾಟುವಂತಿಲ್ಲ. ನನ್ನ ಪೆನ್ಸಿಲುಗಳೂ ರಬ್ಬರೂ ದೇವರ ಮುಂದೆ ಮಲಗಿ ಎದ್ದು ಬರಬೇಕು. ಹಳದಿ ಪೆನ್ಸಿಲಿನ ಮೇಲೆ ಕೆಂಪು ಬೊಟ್ಟು ನೋಡಿ ಪಕ್ಕದ ಹುಡುಗಿ ನಿನ್ನ ಪೆನ್ಸಿಲಿಗೆ ಮೊಡವೆ ಎದ್ದಿದೆ ಎಂದು ನಕ್ಕಿದ್ದಳು. ಕೊನೆಯ ದಿನ, ಗುರುವಾರ, ಗಣಿತ. ನನಗೆ ಹೊತ್ತು ಸಾಲಲಿಲ್ಲ. ಕೊನೆಯ ಐದು ಪ್ರಶ್ನೆಗಳಿಗೆ ಸೊನ್ನೆ ತುಂಬದೇ ಹಾಳೆ ಕೊಟ್ಟುಬಂದೆ. ಗಣಿತದ ಟೀಚರ ಮಗಳು! ಶಾಲೆ ಬಿಟ್ಟ ಮೇಲೆ ಮನೆಗೆ ನಡೆದುಬಂದು, ಊಟದ ಮೇಜಿಗೆ ತಲೆಯಿಟ್ಟು ಅಳುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಅವಳ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಮೇಲೆ ಮಡಿಬಟ್ಟೆ ಮುಚ್ಚಿತ್ತು. ಅದರಲ್ಲಿದ್ದದ್ದು ಇಡೀ ಶಾಲೆಯ ಉತ್ತರದ ಹಾಳೆಗಳು.

ಹೌದು. ಬೀರುವಿನಿಂದ ಆಚೆ ತೆಗೆಯಬಾರದ ಪೆಟ್ಟಿಗೆಯನ್ನು, ಹುಡುಗರು ಹೆದರಿ ಚೀಟಿ ಬಿಸಾಕುತ್ತಿದ್ದ ಹೆಂಗಸು, ಬಟ್ಟೆ ಮುಚ್ಚಿಕೊಂಡು ಮನೆಗೆ ತಂದಿದ್ದಳು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವಳಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ. ಆ ನಿಯಮವನ್ನು ಉಳಿದ ಟೀಚರುಗಳಿಗೆ ಓದಿ ಹೇಳಿ ಸಹಿ ಹಾಕಿಸಿಕೊಂಡವಳೇ ಅವಳು. ಆದರೆ ದೇವರ ಮುಂದೆ ಇಡುವುದು ಅವಳ ಲೆಕ್ಕದಲ್ಲಿ ಆಚೆ ತೆಗೆಯುವುದಲ್ಲ. ಮಾರನೇ ದಿನ ಬೆಳಗ್ಗೆ ಊರಿನ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಡಿಸ್ಟ್ರಿಕ್ಟ್ ಆಫೀಸಿನ ವ್ಯಾನು ಬಂದು ಅದನ್ನು ಒಯ್ಯುವುದಿತ್ತು. ಅದಕ್ಕೂ ಮೊದಲು ಶಾಲೆ ತೆರೆಯುವ ಹೊತ್ತಿಗೆ ಬೀರುವಿನಲ್ಲಿ ಇಟ್ಟರಾಯಿತು, ಅಷ್ಟೇ.

ಅಂದು ಅಪ್ಪ ಬೇಗ ಬಂದಿದ್ದ. ಪೆಟ್ಟಿಗೆ ನೋಡಿ ಅವನ ಮುಖ ಕೆಂಪಗಾಯಿತು.

"ಇವು ನಮ್ಮ ಮನಿ ಕಾಗದ ಅಲ್ಲ, ಸುಮಾ. ತಿರುಗಿ ಒಯ್ದು ಇಟ್ಟು ಬಾ. ಈಗಿಂದೀಗ."

"ನಿಮ್ಮ ಮಗಳ ಪೆನ್ಸಿಲ್ ನಾ ದೇವರ ಮುಂದ ಇಟ್ಟೆ. ಆ ಉಳಿದ ಹುಡುಗರದು ಯಾರು ಇಡಬೇಕು? ಅವರಿಗೆ ಯಾರಿದ್ದಾರ? ಒಂದು ದೀಪ ಹಚ್ಚಿ ಮುಂಜಾನೆ ಒಯ್ತೀನಿ."

ಅಪ್ಪ ಒಂದಷ್ಟು ಹೊತ್ತು ಕೂಗಾಡಿದ. ಅಮ್ಮ ಕೈಕಾಲು ತೊಳೆದು ಬಂದಳು. ಅಪ್ಪ ಕಾರಿನ ಕೀಲಿ ಎತ್ತಿಕೊಂಡು, ಬಾಗಿಲು ಬಡಿದು, ಗ್ರೋಸರಿಗೆ ಹೋದ. ಅಮ್ಮ ದೀಪ ಹಚ್ಚಿದಳು. ಪೆಟ್ಟಿಗೆಯನ್ನು ಕೆಳಗಿನ ಹಲಗೆಯ ಮೇಲಿಟ್ಟು ಬಟ್ಟೆ ಸರಿಸಿದಳು. ಮುಚ್ಚಳದ ಎರಡು ರೆಕ್ಕೆಗಳು ಕೂಡುವಲ್ಲಿ ಒಂದೇ ಒಂದು ಉದ್ದ ಟೇಪು. ಧಾರವಾಡದಲ್ಲಾಗಿದ್ದರೆ ಅರಗು ಕಾಯಿಸಿ ಮುದ್ರೆ ಒತ್ತುತ್ತಿದ್ದರು, ಇಲ್ಲಿ ಈ ಅಂಟುಪಟ್ಟಿ ಅಷ್ಟೇ ಎಂದು ಅವಳಿಗೆ ಯಾವತ್ತೂ ಅಸಮಾಧಾನ. ನೀರಿನಲ್ಲಿ ಕುಂಕುಮ ಕಲಸಿ, ಆ ಟೇಪಿನ ಮೇಲೆ, ಸರಿಯಾಗಿ ನಡುಮಧ್ಯ, ದೊಡ್ಡದೊಂದು ಬೊಟ್ಟು ಇಟ್ಟಳು. ಇದು ನನ್ನ ಅರಗು ಎಂದು ನನ್ನ ಕಡೆ ನೋಡಿ ನಕ್ಕಳು. ಅಳುತ್ತಿದ್ದ ನನ್ನನ್ನು ನಗಿಸುವುದಕ್ಕೆ ಹೇಳಿದ್ದು ಅದು. ನಾನು ನಗಲಿಲ್ಲ. ನಾನು ಐದು ಬಿಟ್ಟುಬಂದೆ, ಅದೇ ಪೆಟ್ಟಿಗೆಯಲ್ಲಿ ನನ್ನ ಹಾಳೆ ಇದೆ, ಆ ಐದಷ್ಟೇ ತುಂಬಿಬಿಡಲೇ ಎಂದು ಇಂಗ್ಲಿಷಿನಲ್ಲಿ ಗೋಗರೆದೆ. ಅವಳ ನಗು ನಿಂತಿತು. ಹೊಡೆಯಲಿಲ್ಲ, ಬೈಯಲಿಲ್ಲ. ಇನ್ನೊಮ್ಮೆ ಆ ಮಾತು ಬಾಯಲ್ಲಿ ಬರಬಾರದು ಎಂದಷ್ಟೇ ಹೇಳಿ, ಮಡಿಬಟ್ಟೆ ಮುಚ್ಚಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗಿನ ಲಾಂಡ್ರಿ ರೂಮಿಗೆ ಹೋದಳು.

ಅರ್ಧ ಗಂಟೆ ನಾನೊಬ್ಬಳೇ. ಅಮ್ಮನ ಶಾಲೆಯ ಚೀಲದಿಂದ ಟೇಪಿನ ಸುರುಳಿ ಮೇಜಿನ ಮೇಲೆ ಹೊರಳಿತ್ತು, ಪೆಟ್ಟಿಗೆಗೆ ಅಂಟಿಸಿದ ಅದೇ ಸುರುಳಿ. ಅಂಥವನ್ನು ಬಳೆಯ ಹಾಗೆ ಕೈಗೆ ಏರಿಸಿಕೊಳ್ಳುವುದು ನನ್ನ ಚಟ. ಏರಿಸಿಕೊಂಡು ಕ್ಲೋಸೆಟ್ಟಿನ ಮುಂದೆ ಹೋಗಿ ನಿಂತೆ. ಬಟ್ಟೆಯನ್ನು ಸ್ವಲ್ಪ ಎತ್ತಿ ಟೇಪಿನ ತುದಿಗೆ ಉಗುರು ಹಾಕಿದೆ. ತುದಿ ಒಂದು ಚೂರು ಎದ್ದಿತು. ದೀಪದ ಬೆಳಕಿನಲ್ಲಿ ಕುಂಕುಮದ ಬೊಟ್ಟು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ನನಗೆ ಧೈರ್ಯ ಬರಲಿಲ್ಲ. ತುದಿಯನ್ನು ಒತ್ತಿ ಕೂರಿಸಿ, ಬಟ್ಟೆ ಎಳೆದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಮ್ಮ ಬುಟ್ಟಿ ಹಿಡಿದು ನಿಂತು ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಟೇಪಿನ ಸುರುಳಿ ನೋಡಿದಳು. ಹೋಗಿ ಕೈ ತೊಳಕೋ ಎಂದಳು. ಬೇರೇನೂ ಕೇಳಲಿಲ್ಲ. ಬೆಳಗ್ಗೆ ಪೆಟ್ಟಿಗೆಯನ್ನು ಬಟ್ಟೆಸಮೇತ ಎತ್ತಿಕೊಂಡು ಓಡಿದಳು. ಬಟ್ಟೆ ಎಳೆದು ಬೀರುವಿಗೆ ತಳ್ಳಿ ಬೀಗ ಹಾಕುವ ಅವಸರದಲ್ಲಿ ಮುಚ್ಚಳದ ಕಡೆ ನೋಡಲೂ ಇಲ್ಲವಂತೆ. ಅವತ್ತು ವ್ಯಾನು ಬರಲಿಲ್ಲ. ಸೋಮವಾರ ಬರುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದರು. ಶನಿವಾರ, ಭಾನುವಾರ ಪೆಟ್ಟಿಗೆ ಬೀರುವಿನಲ್ಲೇ ಇತ್ತು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಶಾಲೆಯ ಅಂಕಗಳು ಎಲ್ಲಿಂದೆಲ್ಲಿಗೋ ಹಾರಿದ್ದವು. ಅಂಗಳದಲ್ಲಿ ಬಲೂನು ಕಟ್ಟಿದರು, ಪ್ರಿನ್ಸಿಪಾಲರು ಮಕ್ಕಳಿಗೆಲ್ಲ ಪಾಪ್ಸಿಕಲ್ ಐಸ್‌ಕ್ಯಾಂಡಿ ಹಂಚಿದರು. ಗಣಿತದಲ್ಲಿ ನನ್ನದು ಹೆಚ್ಚುಕಡಿಮೆ ಪೂರ್ತಿ. ಐದು ಖಾಲಿ ಬಿಟ್ಟವಳಿಗೆ ಇದು ಹೇಗೆ ಬಂತೆಂದು ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಕುಂಕುಮದ ಮಹಿಮೆ! ಗ್ರೀನ್ ಕಾರ್ಡು ತಂದುಕೊಟ್ಟ ದೇವರಿಗೆ ಐದು ಸೊನ್ನೆ ತುಂಬುವುದು ಏನು ಮಹಾ. ಕುಣಿಯುತ್ತ ಕಾಗದ ತಂದು ಅಮ್ಮನ ಕೈಗಿಟ್ಟೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ದೇವರ ಮುಂದೆ ಇಡಲಿಲ್ಲ. ಮಡಚಿ ಅಡುಗೆಮನೆಯ ಡ್ರಾಯರಿನಲ್ಲಿ, ಸೌಟು ಚಮಚಗಳ ಕೆಳಗೆ ತೂರಿಸಿದಳು. ನಾನು ಒಂದೆರಡು ಅಂಕ ಕಡಿಮೆ ಬಿತ್ತೆಂದು ಸಿಟ್ಟೇನೋ ಎಂದುಕೊಂಡೆ. ನನಗೆ ಗೊತ್ತಿದ್ದ ಅಮ್ಮ ಅಂಥವಳೇ.

ಶಾಲೆ ಶುರುವಾಗಿ ಎರಡು ತಿಂಗಳಾಗಿರಲಿಲ್ಲ, ತನಿಖೆ ಬಂತು. ಹಾಳೆ ಓದುವ ಮಷೀನು ಪೆನ್ಸಿಲಿನ ಗುರುತನ್ನಷ್ಟೇ ಅಲ್ಲ, ಅಳಿಸಿದ ಕಲೆಯನ್ನೂ ಓದುತ್ತದಂತೆ. ನಮ್ಮ ಶಾಲೆಯ ಹಾಳೆಗಳಲ್ಲಿ ತಪ್ಪನ್ನು ಅಳಿಸಿ ಸರಿ ತುಂಬಿದ್ದು ಮಕ್ಕಳ ಕೈಯಿಂದ ಆಗಲಾರದಷ್ಟಿತ್ತು. ಜೊತೆಗೆ ಪೆಟ್ಟಿಗೆಯ ಮೇಲೆ ಕೆಂಪು ಕಲೆ. ಡಿಸ್ಟ್ರಿಕ್ಟ್ ಆಫೀಸಿನಿಂದ ಬಂದ ಬೋಳುತಲೆಯ, ಮೆಲುದನಿಯ ಮನುಷ್ಯನೊಬ್ಬ ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡ. ಪೆಟ್ಟಿಗೆ ಮನೆಗೆ ಒಯ್ದಿದ್ದಿರಾ ಎಂದು ಅವನು ಕೇಳಿದ್ದಕ್ಕೆ ಅಮ್ಮ ಹೌದು ಎಂದಳು. ಎರಡನೇ ಸಲ ಕೇಳಿಸಿಕೊಳ್ಳಲೂ ಇಲ್ಲ. ತೆರೆದಿರಾ ಎಂದದ್ದಕ್ಕೆ ಇಲ್ಲ ಎಂದಳು. ಅವನು ಮೊದಲನೆಯದನ್ನು ಒಪ್ಪಿಗೆ ಎಂದು ಬರೆದುಕೊಂಡ, ಎರಡನೆಯದನ್ನು ಆಕೆಯ ಹೇಳಿಕೆ ಎಂದು. ಪ್ರಿನ್ಸಿಪಾಲರು ತಮ್ಮ ಬೀಗದಕೈ ಡ್ರಾಯರಿನಿಂದ ಹೊರಗೇ ಬಂದಿಲ್ಲವೆಂದರು.

ಆ ವಾರ ಮನೆಯಲ್ಲಿ ಊಟ ಎನ್ನುವುದು ಬರೀ ಪಾತ್ರೆಯ ಸದ್ದು. ಅಪ್ಪ ತುತ್ತಿಗೊಮ್ಮೆ ನಾನು ಹೇಳಿದ್ದೆ ಎನ್ನುತ್ತಿದ್ದ. ನನ್ನನ್ನೂ ಪ್ರಶ್ನೆ ಮಾಡಲು ಅನುಮತಿ ಕೇಳಿ ಕಾಗದ ಬಂದಾಗ ಅವನು ಅಮ್ಮನಿಗೆ ತೋರಿಸದೇ ಸಹಿ ಹಾಕಿ ಕಳಿಸಿಬಿಟ್ಟ. ಹುಡುಗಿ ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವನ ನಂಬಿಕೆ. ಅಮ್ಮನಿಗೆ ಗೊತ್ತಾದಾಗ, ಅವಳು ಅಪ್ಪನ ಮೇಲೆ ದನಿಯೆತ್ತಿದ್ದನ್ನು ನಾನು ಮೊದಲ ಸಲ ಕೇಳಿದೆ. ಮಗುವನ್ನು ಯಾಕೆ ಇದರೊಳಗೆ ಎಳೆದಿರಿ ಎಂದು ಅದೊಂದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಮರುದಿನ ಬೆಳಗ್ಗೆ ನನ್ನ ಜಡೆ ಹೆಣೆಯುತ್ತ, ಹಿಂದಿನಿಂದಲೇ, ಮುಖ ತೋರಿಸದೇ ಹೇಳಿದಳು:

"ಕೇಳಿದ್ದಕ್ಕಷ್ಟ ಉತ್ತರ ಹೇಳು ರಾಧಿ. ಹೆಚ್ಚಿಗಿ ಒಂದಕ್ಷರ ಬ್ಯಾಡ."

ಲೈಬ್ರರಿಯಲ್ಲಿ ಆ ಬೋಳುತಲೆಯವನು ನನಗೆ ಪೆಪ್ಪರ್‌ಮಿಂಟ್ ಕೊಟ್ಟು, ಪೆಟ್ಟಿಗೆಯ ಮುಚ್ಚಳದ ಫೋಟೋ ಮುಂದಿಟ್ಟ. ಈ ಕೆಂಪು ಏನೆಂದು ಗೊತ್ತೇ? ಕುಂಕುಮ. ಯಾರು ಹಚ್ಚಿದ್ದು? ಅಮ್ಮ. ಎಲ್ಲಿ? ಮನೆಯಲ್ಲಿ. ಅಮ್ಮನಾಗಲಿ ಅಪ್ಪನಾಗಲಿ ತೆರೆದದ್ದು ನೋಡಿದೆಯಾ? ಇಲ್ಲ. ಅವನ ಪ್ರಶ್ನೆಗಳು ಮುಗಿದವು. ಆದರೆ ನಾನು ಇನ್ನೂ ಫೋಟೋ ನೋಡುತ್ತಲೇ ಇದ್ದೆ. ಬೊಟ್ಟು ಟೇಪಿನ ಕೆಳಗಿತ್ತು. ಅಮ್ಮ ಇಟ್ಟದ್ದು ಟೇಪಿನ ಮೇಲೆ. ಫೋಟೋದಲ್ಲಿ ಕುಂಕುಮದ ಮೇಲಿನಿಂದ ಇನ್ನೊಂದು ಟೇಪು ಹೊಳೆಯುತ್ತ ಹೋಗಿತ್ತು, ಅದರಡಿ ಬೊಟ್ಟು ಚಪ್ಪಟೆಯಾಗಿ ಅಂಚು ಒಡೆದಿತ್ತು. ಪೆಟ್ಟಿಗೆ ನಮ್ಮ ಮನೆಯಿಂದ ಹೋದ ಮೇಲೆ ಯಾರೋ ತೆರೆದು ಮತ್ತೆ ಅಂಟಿಸಿದ್ದಾರೆ. ಹನ್ನೊಂದು ವರ್ಷದವಳಿಗೆ ಅದು ಕಂಡಿತು. ಹೇಳಲಿಲ್ಲ. ಕೇಳಿರಲಿಲ್ಲವಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಟೇಪಿನ ಮಾತೆತ್ತಿದರೆ ನಾನು ಉಗುರು ಹಾಕಿದ್ದು ಹೊರಬೀಳುತ್ತದೆ ಎಂಬ ಹೆದರಿಕೆ. ಪೆಪ್ಪರ್‌ಮಿಂಟ್ ಚೀಪುತ್ತ ಕ್ಲಾಸಿಗೆ ವಾಪಸು ಹೋದೆ.

ತೀರ್ಮಾನ ಬಂತು. ಹಾಳೆ ತಿದ್ದಿದ್ದು ಯಾರೆಂದು ಖಚಿತವಾಗಿಲ್ಲ. ಪರೀಕ್ಷೆಯ ಸಾಮಗ್ರಿಯನ್ನು ಭದ್ರವಾಗಿ ಇಡದೇ ಇದ್ದದ್ದು ಖಚಿತವಾಗಿದೆ. ಶಾಲೆಯ ಅಂಕಗಳು ರದ್ದು, ಅಮ್ಮನ ಕೆಲಸವೂ ರದ್ದು. ಪ್ರಿನ್ಸಿಪಾಲರು ಅವಳನ್ನು ತಬ್ಬಿಕೊಂಡು ಬೀಳ್ಕೊಟ್ಟರು. ಆ ವರ್ಷದ ಕೊನೆಗೆ ಅವರು ನಿವೃತ್ತರಾದಾಗ ಕೇಕು ಕತ್ತರಿಸಿದರು, ಅಮ್ಮ ನನ್ನ ಕೈಯಲ್ಲಿ ಒಂದು ಡಬ್ಬಿ ಬೇಸನ್ ಉಂಡಿ ಕಳಿಸಿದಳು. ಬೇಸನ್ ಉಂಡಿ! ನಾನು ಅದನ್ನು ದಾರಿಯಲ್ಲಿ ಎಸೆಯಬೇಕಿತ್ತು. ಒಯ್ದು ಕೊಟ್ಟೆ. ಅವರು ನನ್ನ ತಲೆ ಸವರಿ, ನಿಮ್ಮಮ್ಮನಂಥ ಒಳ್ಳೆಯವರನ್ನು ನಾನು ನೋಡೇ ಇಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ನಿಜವಾದದ್ದೇ ಎಂಬುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆಮೇಲಿನ ಮನೆ ಬೇರೆಯೇ ಮನೆ. ಅಮ್ಮ ಊಟದ ಮೇಜಿನ ಮೇಲೆ ಅವರಿವರ ಮಕ್ಕಳಿಗೆ ಗಣಿತದ ಪಾಠ ಶುರುಮಾಡಿದಳು. ಅವರು ಬರುವ ಮೊದಲಿನ ಒಂದು ಗಂಟೆ ನನಗೆ ಮೀಸಲು. ನಾನು ಇವತ್ತು ಬರೆಯುತ್ತಿರುವ ಈ ಕನ್ನಡ ಆ ಒಂದು ಗಂಟೆಯಲ್ಲಿ ಬಂದದ್ದು. ಅದುವರೆಗೆ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ನಾನು. ಕಾಗದಗಳನ್ನು ದೇವರ ಮುಂದೆ ಇಡುವುದನ್ನು ಅವಳು ನಿಲ್ಲಿಸಿಬಿಟ್ಟಳು. ನನ್ನ ಕಾಲೇಜಿನ ಅರ್ಜಿ ಕೂಡ ಬೋಳುಬೋಳಾಗಿ ಹೋಯಿತು. ದೇವರ ಮೇಲೆ ಸಿಟ್ಟು ಬಂದಿರಬೇಕು ಎಂದುಕೊಂಡೆ. ಆದರೆ ನನ್ನ ಮೇಲಿನ ಕಾವಲು ಹೆಚ್ಚಾಯಿತು. ಹೋಮ್‌ವರ್ಕು ಮಾಡುವಾಗ ಎದುರಿಗೇ ಕೂರುವಳು. ಟೆಸ್ಟಿನ ಹಿಂದಿನ ದಿನ ಪೆನ್ಸಿಲ್ ಪೌಚು, ಬ್ಯಾಗಿನ ಪ್ರತಿ ಜಿಪ್ಪು ತೆಗೆದು ನೋಡುವಳು. ಕಾಲೇಜಿನ ಪ್ರವೇಶಕ್ಕೆಂದು ಶನಿವಾರದ ದೊಡ್ಡ ಪರೀಕ್ಷೆಗೆ ಕೂತಾಗ ಅವಳು ನಾಲ್ಕು ಗಂಟೆ ಹೊರಗೆ ಕಾರಿನಲ್ಲಿ ಕಾದಿದ್ದಳು. ಗೆಳತಿಯರು ನಗುತ್ತಿದ್ದರು. ಅಂಕ ಬಂದಾಗ ಶಹಬ್ಬಾಸ್ ಅನ್ನುತ್ತಿರಲಿಲ್ಲ. ಇಷ್ಟನ್ನೂ ನೀನೇ ಮಾಡಿದ್ದಾ ಎಂದು ಕೇಳುತ್ತಿದ್ದಳು. ಆ ಪ್ರಶ್ನೆಗೆ ನಾನು ರೇಗಿ ಬಾಗಿಲು ಹಾಕಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬೇರೆ ಅಮ್ಮಂದಿರಿಗೆ ಅಂಕ ಸಾಲುವುದಿಲ್ಲ, ನಮ್ಮಮ್ಮನಿಗೆ ಅಂಕ ಬಂದರೂ ಸಾಲುವುದಿಲ್ಲ ಎಂದು ಅಪ್ಪನ ಹತ್ತಿರ ದೂರುತ್ತಿದ್ದೆ. ಅಪ್ಪ ಅವಳಿಗೆ ಕೆಲಸ ಹೋದದ್ದರ ನೋವು, ಬಿಡು ಎನ್ನುತ್ತಿದ್ದ.

ನಾನು ಸೇರಿದ್ದೂ ಅದೇ ಕೆಲಸಕ್ಕೆ. ಬೇ ಏರಿಯಾದ ಇನ್ನೊಂದು ಮೂಲೆಯ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಪರೀಕ್ಷೆಗಳ ಭದ್ರತೆ ನೋಡುವುದು, ಏನಾದರೂ ಎಡವಟ್ಟಾದರೆ ವಿಚಾರಣೆ ಮಾಡುವುದು. ಈಗ ಪೆಟ್ಟಿಗೆ ಇಲ್ಲ, ರಬ್ಬರಿನ ಕಲೆ ಇಲ್ಲ. ಮಗು ಯಾವ ಪ್ರಶ್ನೆಯ ಮೇಲೆ ಎಷ್ಟು ಹೊತ್ತು ಕೂತಿತು, ಉತ್ತರ ಎಷ್ಟು ಸಲ ಬದಲಾಯಿತು, ಎಲ್ಲ ಕಂಪ್ಯೂಟರೇ ಬರೆದಿಡುತ್ತದೆ. ಆದರೂ ಮಗುವಿನ ಹೆಗಲ ಹಿಂದೆ ನಿಂತು ಕೆಮ್ಮುವ ಟೀಚರು, ಇನ್ನೊಮ್ಮೆ ನೋಡು ಎಂದು ಬೆರಳು ತೋರಿಸುವ ಟೀಚರು ಇದ್ದೇ ಇರುತ್ತಾರೆ. ಪ್ರತಿ ವಸಂತದಲ್ಲಿ ನಾನು ನೂರಾರು ಟೀಚರುಗಳಿಗೆ ಅದೇ ಸ್ಲೈಡು ತೋರಿಸುತ್ತೇನೆ, ಅವರು ಫೋನು ನೋಡುತ್ತ ಸಹಿ ಹಾಕುತ್ತಾರೆ. ಕಳ್ಳರನ್ನು ಹಿಡಿಯುವುದಕ್ಕಿಂತ ಅಜಾಗರೂಕರನ್ನು ಹಿಡಿಯುವುದು ಸುಲಭ, ಹಾಗಾಗಿ ನಾವು ಹೆಚ್ಚಾಗಿ ಅವರನ್ನೇ ಹಿಡಿಯುತ್ತೇವೆ. ಇದನ್ನು ಮೀಟಿಂಗಿನಲ್ಲಿ ಹೇಳಿ ನಾನು ಬೈಸಿಕೊಂಡಿದ್ದೇನೆ. ನನ್ನ ವಿಚಾರಣೆಯಲ್ಲಿ ಕೊನೆಯ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ನಾನು ಕೇಳದೇ ಬಿಟ್ಟದ್ದು ಏನಾದರೂ ಇದೆಯೇ?

ಈ ವಸಂತದ ಒಂದು ಭಾನುವಾರ ಅಮ್ಮನ ಮನೆಗೆ ಹೋಗಿದ್ದೆ. ಅದೇ ಫ್ರೀಮಾಂಟು, ಬೇರೆ ಮನೆ. ದೇವರಿಗೆ ಈಗ ಒಂದು ಪೂರ್ತಿ ಕೋಣೆ. ಅಪ್ಪ ವಾಕಿಂಗಿಗೆ ಹೋಗಿದ್ದ. ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಆ ವಾರ ನನ್ನ ಮುಂದೆ ಕೂತಿದ್ದ ಒಬ್ಬ ಟೀಚರು, ಪರೀಕ್ಷೆಯ ಪಾಸ್‌ವರ್ಡು ಬರೆದ ಚೀಟಿಯನ್ನು ಮನೆಗೆ ಒಯ್ದಿದ್ದಕ್ಕೆ ಅಳುತ್ತಿದ್ದಳು. ಅದನ್ನು ಹೇಳುತ್ತ ಹೇಳುತ್ತ, ಇಪ್ಪತ್ತೈದು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಫೋಟೋದಲ್ಲಿ ನಿನ್ನ ಕುಂಕುಮ ಟೇಪಿನ ಕೆಳಗಿತ್ತು, ನನಗೆ ಅವತ್ತೇ ಕಂಡಿತ್ತು, ನಾನು ಬಾಯಿಬಿಟ್ಟಿದ್ದರೆ ನಿನ್ನ ಕೆಲಸ ಉಳಿಯುತ್ತಿತ್ತು ಎಂದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ಕೈ ನಿಲ್ಲಲಿಲ್ಲ.

"ಆ ಫೋಟೋ ನನಗೂ ತೋರಿಸಿದ್ರು. ನನಗೂ ಕಂಡಿತ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದು ಬಹುಶಃ ಕೂಗಿಯೇ ಕೇಳಿದೆ. ಅವಳು ಹಂಚಿನ ಮೇಲೆ ರೊಟ್ಟಿ ಹಾಕಿ, ಅದರ ಮೇಲೆ ನೀರು ಸವರಿದಳು. ಆಮೇಲೆ ನನ್ನ ಕಡೆ ತಿರುಗದೇ ಹೇಳಿದಳು.

"ಫೋಟೋದ ಜೋಡಿ ಹತ್ತು ಹಾಳಿ ತೋರಿಸಿದ್ರು. ಒಂದು ನಿಂದಿತ್ತು. ಕಡೀ ಐದೂ ತುಂಬಿದ್ದವು. ಐದು ಬಿಟ್ಟು ಬಂದೀನಿ ಅಂತ ನೀ ಅತ್ತದ್ದು ನನಗಷ್ಟ ಗೊತ್ತಿತ್ತು. ಅವತ್ತು ನಾ ಲಾಂಡ್ರಿಯಿಂದ ಮ್ಯಾಲೆ ಬಂದಾಗ ಟೇಪ್ ನಿನ್ನ ಕೈಯಾಗಿತ್ತಲ್ಲ."

ಉಳಿದ ಇಷ್ಟೊಂದು ಹಾಳೆ ತಿದ್ದಿದ್ದು ಹತ್ತು ವರ್ಷದ ಹುಡುಗಿಯೇ ಎಂದು ಕೇಳಿದೆ. ಅದು ಯಾರ ಕೆಲಸವೆಂದು ತನಗೆ ಗೊತ್ತಿತ್ತು, ಎರಡನೇ ಬೀಗದಕೈ ಯಾರ ಹತ್ತಿರ ಇತ್ತೆಂದು ಎಲ್ಲರಿಗೂ ಗೊತ್ತಿತ್ತು ಎಂದಳು. ಆದರೆ ಟೇಪಿನ ಮಾತು ತೆಗೆದರೆ ಅವರು ಮೊದಲು ಕೇಳುವುದು ಮನೆಯಲ್ಲಿ ಯಾರಿದ್ದರು ಎಂದು. ಆಮೇಲೆ ನಿನ್ನ ಹಾಳೆ ಎತ್ತುತ್ತಾರೆ. ನನ್ನ ಕೆಲಸ ಹೋದರೆ ಹೋಯಿತು, ಮಗಳ ಹೆಸರಿಗೆ ಕಳ್ಳತನ ಅಂಟಬಾರದು ಎಂದುಕೊಂಡೆ ಎಂದಳು. ರೊಟ್ಟಿ ತಿರುವಿ ಹಾಕುವಷ್ಟು ಸಹಜವಾಗಿ ಹೇಳಿದಳು ಅದನ್ನು. ಆ ಬ್ಯಾಗಿನ ಜಿಪ್ಪುಗಳು, ಕಾರಿನಲ್ಲಿ ಕಾದ ನಾಲ್ಕು ಗಂಟೆ, ಇಷ್ಟನ್ನೂ ನೀನೇ ಮಾಡಿದ್ದಾ ಎಂಬ ಪ್ರಶ್ನೆ, ಎಲ್ಲ ಒಂದೊಂದಾಗಿ ಬಂದು ನನ್ನ ಮುಂದೆ ಕೂತವು. ಇಪ್ಪತ್ತೈದು ವರ್ಷ ಈ ಹೆಂಗಸು ನಾನು ಕಳ್ಳಿ ಎಂದು ನಂಬಿಕೊಂಡೇ ನನ್ನನ್ನು ಸಾಕಿದ್ದಳು. ಒಂದು ಸಲ, ಒಂದೇ ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಒಂದ್ಸಲರೆ ನನ್ನ ಕೇಳಬಾರದಿತ್ತೇನು ಎಂದೆ.

ಆಗ ಅವಳು ತಿರುಗಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಈಗ ಕೇಳ್ತೀನಿ. ತಗದಿದ್ದೇನು?"

"ಉಗುರು ಹಾಕಿದ್ದೆ. ತಗೀಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು, ಅಂದು ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತು ನೋಡಿದ್ದ ಹಾಗೆ. ನಂಬಿದಳು. ನಂಬಿದ್ದು ನನಗೆ ಗೊತ್ತಾಯಿತು, ಏಕೆಂದರೆ ಅವಳ ಮುಖ ಒಮ್ಮೆಲೇ ಮುದಿಯಾಯಿತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಛಾವಣಿಯ ಅಲಾರಂ ಕಿರುಚಿಕೊಂಡಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಅಮ್ಮ ಒಲೆ ಆರಿಸಿ, ಅದು ತಾನಾಗಿ ನಿಂತ ಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ಹಂಗಾದ್ರ ನಾ ಇಷ್ಟು ವರ್ಷ ಬಾಯಿ ಮುಚಗೊಂಡು ಯಾರನ್ನ ಉಳಿಸಿದೆ, ರಾಧಿ?"

ಕೇಳಿದ್ದಕ್ಕೆ ಉತ್ತರ ಹೇಳಬೇಕು ಎಂದು ಕಲಿಸಿದವಳು ಅವಳೇ. ಉತ್ತರ ನನಗೆ ಗೊತ್ತಿತ್ತು, ಎತ್ತರದ, ಬಿಳಿಕೂದಲಿನ, ನನಗೆ ಪುಸ್ತಕ ಕೊಡುತ್ತಿದ್ದ ಆ ಹೆಂಗಸು. ಅಮ್ಮನಿಗೂ ಗೊತ್ತಿತ್ತು. ನಾನು ಎದ್ದು ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದೆ.